ರೆಫರೆನ್ಸ್ ಮ್ಯಾನೇಜರ್ ಆರಿಸುವ ಮೊದಲು ಹೊರಗೆ ಬರುವ ದಾರಿ ನೋಡಿ

ಪ್ರಶ್ನೆ: ನಾನು ಪಿಎಚ್‌.ಡಿ. ಎರಡನೇ ವರ್ಷದಲ್ಲಿದ್ದೇನೆ. ಓದಿದ ಪೇಪರ್‌ಗಳೆಲ್ಲ ಪಿಡಿಎಫ್ ಆಗಿ ಒಂದೇ ಫೋಲ್ಡರ್‌ನಲ್ಲಿ ಬಿದ್ದಿವೆ, ಅರ್ಧಕ್ಕರ್ಧ ಫೈಲ್‌ಗಳಿಗೆ ಬರೀ ಅಂಕಿಗಳೇ ಹೆಸರು. ಎರಡು ಅಧ್ಯಾಯ ಬರೆದಾಗಿದೆ, ಅವುಗಳ ರೆಫರೆನ್ಸ್ ಪಟ್ಟಿಯನ್ನು ಕೈಯಲ್ಲೇ ಟೈಪ್ ಮಾಡಿದ್ದೇನೆ. ನಮ್ಮ ವಿಶ್ವವಿದ್ಯಾಲಯ ದುಡ್ಡು ಕೊಟ್ಟು ತರಿಸಿದ ಸಾಫ್ಟ್‌ವೇರ್ ಒಂದಿದೆ, ಆದರೆ ಇಲ್ಲಿಂದ ಹೊರಟ ಮೇಲೆ ಅದರ ಲೈಸೆನ್ಸ್ ನನಗಿರುವುದಿಲ್ಲ. ಓಪನ್ ಸೋರ್ಸ್‌ನಲ್ಲಿ, ಅಂದರೆ ಸೋರ್ಸ್ ಕೋಡ್ ಎಲ್ಲರಿಗೂ ಬಹಿರಂಗವಾಗಿರುವ ಸಾಫ್ಟ್‌ವೇರ್‌ಗಳಲ್ಲಿ, ಯಾವುದು ಒಳ್ಳೆಯದು? ಅದನ್ನು ನಂಬಿ ಇಷ್ಟು ವರ್ಷದ ಕೆಲಸ ಇಡಬಹುದೇ? ನಾನು ವರ್ಡ್‌ನಲ್ಲಿ ಬರೆಯುತ್ತೇನೆ, ಜೊತೆಗೆ ಬರೆಯುವವರೊಬ್ಬರು ಲೇಟೆಕ್ (ಆಜ್ಞೆಗಳ ಮೂಲಕ ಪುಟ ಜೋಡಿಸುವ ವ್ಯವಸ್ಥೆ) ಬಳಸುತ್ತಾರೆ. ನನ್ನ ಆಕರಗಳಲ್ಲಿ ಕನ್ನಡ ಪುಸ್ತಕಗಳೂ ಇವೆ.

ಉತ್ತರ: ನೀವು ಜೊಟೆರೊ ಹಾಕಿಕೊಳ್ಳಿ. ಅದೊಂದು ರೆಫರೆನ್ಸ್ ಮ್ಯಾನೇಜರ್, ಅಂದರೆ ಆಕರಗಳ ವಿವರ ಕೂಡಿಟ್ಟು, ಬರೆಯುವಾಗ ಉಲ್ಲೇಖಗಳನ್ನೂ ಕೊನೆಯ ಪಟ್ಟಿಯನ್ನೂ ಹಾಕಿಕೊಡುವ ಸಾಫ್ಟ್‌ವೇರ್. ವರ್ಡ್‌ನಲ್ಲಿ ಬರೆಯುವವರಿಗೆ, ಪೇಪರ್, ಪುಸ್ತಕ, ವೆಬ್ ಪುಟ ಎಲ್ಲ ಬೆರೆತ ಸಂಗ್ರಹ ಇರುವವರಿಗೆ ಓಪನ್ ಸೋರ್ಸ್‌ನಲ್ಲಿ ನಾನು ಮೊದಲು ಹೇಳುವ ಹೆಸರು ಅದೇ. ನೀವೂ ಪೂರ್ತಿ ಲೇಟೆಕ್‌ನಲ್ಲೇ ಬರೆಯುವವರಾಗಿದ್ದರೆ ಜ್ಯಾಬ್‌ರೆಫ್ ನೋಡಿ ಅನ್ನುತ್ತಿದ್ದೆ. ಎರಡೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿ ತೂಕದ ಮಾತು "ನಂಬಿ ಇಡಬಹುದೇ" ಅನ್ನುವುದು. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. ಬಟನ್ ಎಷ್ಟಿವೆ, ನೋಡಲು ಹೇಗಿದೆ ಎಂದು ನೋಡಿ ಆರಿಸಿಬಿಡುತ್ತಾರೆ. ನಾನು ಮೊದಲು ನೋಡುವುದು ಒಂದೇ: ನಾಳೆ ಈ ಸಾಫ್ಟ್‌ವೇರ್ ಬಿಡಬೇಕಾಗಿ ಬಂದರೆ, ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಎತ್ತಿಕೊಂಡು ಹೊರಗೆ ಬರಬಹುದೇ? ಯಾವ ಸಾಫ್ಟ್‌ವೇರೂ ಶಾಶ್ವತ ಅಲ್ಲ. ನಿಮ್ಮ ಸಂಗ್ರಹ ಮಾತ್ರ ನಿಮ್ಮ ಜೊತೆ ಇಪ್ಪತ್ತು, ಮೂವತ್ತು ವರ್ಷ ಇರಬೇಕಾದದ್ದು.

ಇದು ಸುಮ್ನೆ ಹುಟ್ಟಿಸಿಕೊಂಡ ಭಯ ಅಲ್ಲ. ಜೊಟೆರೊ ಹೊರಬಂದದ್ದು 2006ರಲ್ಲಿ, ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರದಿಂದ. ಆಗ ಅದು ಫೈರ್‌ಫಾಕ್ಸ್ ಬ್ರೌಸರ್‌ಗೆ ಸೇರಿಸಿಕೊಳ್ಳುವ ಒಂದು ಎಕ್ಸ್‌ಟೆನ್ಶನ್ ಮಾತ್ರ. 2008ರಲ್ಲಿ ಎಂಡ್‌ನೋಟ್ ಎಂಬ ಇಂಥದೇ ಸಾಫ್ಟ್‌ವೇರ್‌ನ ಆಗಿನ ಒಡೆಯರಾದ ಥಾಮ್ಸನ್ ರಾಯಿಟರ್ಸ್ ಕಂಪನಿ ಆ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿತು. ಎಂಡ್‌ನೋಟ್‌ನ ಸ್ಟೈಲ್ ಫೈಲ್‌ಗಳನ್ನು (ಯಾವ ಜರ್ನಲ್‌ಗೆ ರೆಫರೆನ್ಸ್ ಹೇಗೆ ಬರೆಯಬೇಕು ಎಂಬ ನಿಯಮಗಳ ಫೈಲ್‌ಗಳು) ಜೊಟೆರೊದಲ್ಲೂ ಬಳಸಲು ಬರುತ್ತದೆ ಎಂಬುದೇ ತಕರಾರು. ವರ್ಷಕ್ಕೆ ಕನಿಷ್ಠ 1 ಕೋಟಿ ಡಾಲರ್ ಪರಿಹಾರ ಕೇಳಿದ್ದರು. 2009ರಲ್ಲಿ ಕೋರ್ಟು ಮೊಕದ್ದಮೆಯನ್ನು ವಜಾ ಮಾಡಿತು. ಒಂದು ಸಾಫ್ಟ್‌ವೇರ್‌ನ ಫೈಲನ್ನು ಇನ್ನೊಂದು ಓದುವುದು ಎಷ್ಟು ದೊಡ್ಡ ವಿಷಯ ಆಗಬಹುದು ನೋಡಿ.

ಇನ್ನೊಂದು ಪ್ರಸಂಗ ಮೆಂಡಲೆಯದು. ತುಂಬ ಜನ ಪ್ರೀತಿಯಿಂದ ಬಳಸುತ್ತಿದ್ದ ಉಚಿತ ಸಾಫ್ಟ್‌ವೇರ್ ಅದು, ಆದರೆ ಓಪನ್ ಸೋರ್ಸ್ ಅಲ್ಲ. 2013ರಲ್ಲಿ ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಅದನ್ನು ಕೊಂಡುಕೊಂಡಿತು. 2018ರಲ್ಲಿ ಬಂದ ಹೊಸ ಆವೃತ್ತಿ, ಬಳಕೆದಾರರ ಕಂಪ್ಯೂಟರ್‌ನಲ್ಲೇ ಇರುವ ಡೇಟಾಬೇಸನ್ನು ಎನ್‌ಕ್ರಿಪ್ಟ್ ಮಾಡಿತು. ಸುರಕ್ಷತೆಗಾಗಿ ಎಂಬುದು ಕಂಪನಿಯ ವಿವರಣೆ. ಕಾರಣ ಏನೇ ಇರಲಿ, ಅಲ್ಲಿಯವರೆಗೆ ಆ ಡೇಟಾಬೇಸನ್ನು ನೇರವಾಗಿ ಓದುತ್ತಿದ್ದ ಬೇರೆ ಸಾಫ್ಟ್‌ವೇರ್‌ಗಳಿಗೆ ಬಾಗಿಲು ಮುಚ್ಚಿತು. ಉಚಿತವಾಗಿ ಸಿಗುವುದು ಬೇರೆ, ಓಪನ್ ಸೋರ್ಸ್ ಆಗಿರುವುದು ಬೇರೆ ಎಂದು ಎಷ್ಟೋ ಜನರಿಗೆ ಅರಿವಾದದ್ದು ಆಗಲೇ.

ಹಾಗಂತ ಓಪನ್ ಸೋರ್ಸ್ ಯೋಜನೆಗಳು ಸಾಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಡಾಕಿಯರ್ ಎಂಬ ಒಂದು ಒಳ್ಳೆಯ ಸಾಫ್ಟ್‌ವೇರ್ ಇತ್ತು. ಓದಿದ್ದನ್ನು ಮೈಂಡ್‌ಮ್ಯಾಪ್ ರೂಪದಲ್ಲಿ ಹರಡಿ, ಅದರ ಜೊತೆಗೇ ರೆಫರೆನ್ಸ್ ಇಟ್ಟುಕೊಳ್ಳುವ ಸೊಗಸಾದ ಕಲ್ಪನೆ. ಅದರ ಬೆಳವಣಿಗೆ ನಿಂತುಹೋಯಿತು. ಆದರೆ ಅದು ರೆಫರೆನ್ಸ್‌ಗಳನ್ನು ಇಡುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ಬಿಬ್‌ಟೆಕ್ ಫೈಲಿನಲ್ಲಿ, ಅಂದರೆ ಲೇಟೆಕ್ ಬಳಸುವವರು ರೆಫರೆನ್ಸ್ ಇಡುವ ಸರಳ ಪಠ್ಯದ ಫೈಲಿನಲ್ಲಿ. ಬಳಸುತ್ತಿದ್ದವರು ಅದೇ ಫೈಲನ್ನು ಜ್ಯಾಬ್‌ರೆಫ್‌ನಲ್ಲಿ ತೆರೆದು ಕೆಲಸ ಮುಂದುವರಿಸಬಹುದಿತ್ತು. ನಂಬಿಕೆ ಇಡಬೇಕಾದದ್ದು ಈ ಗುಣದ ಮೇಲೆ.

ಈಗ ಜೊಟೆರೊವನ್ನೇ ಈ ಪರೀಕ್ಷೆಗೆ ಒಡ್ಡೋಣ. ಅದರ ಸೋರ್ಸ್ ಕೋಡ್ ಎಜಿಪಿಎಲ್ ಎಂಬ ಲೈಸೆನ್ಸ್ ಅಡಿ ಬಹಿರಂಗವಾಗಿದೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿ ಹಂಚಿದರೆ ಆ ತಿದ್ದುಪಡಿಯನ್ನೂ ಬಹಿರಂಗ ಮಾಡಬೇಕು. ನಿಮ್ಮ ಸಂಗ್ರಹ ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿ ಇರುತ್ತದೆ. ಆ ಬಗೆಯ ಫೈಲನ್ನು ಓದಬಲ್ಲ ಸಾಧನಗಳು ಬೇಕಾದಷ್ಟಿವೆ. ಪಿಡಿಎಫ್‌ಗಳು ಪಕ್ಕದ ಫೋಲ್ಡರ್‌ನಲ್ಲಿ ಸಾಮಾನ್ಯ ಪಿಡಿಎಫ್ ಆಗಿಯೇ ಇರುತ್ತವೆ. ಅಕೌಂಟ್ ತೆರೆಯದೆಯೂ ಇಡೀ ಸಾಫ್ಟ್‌ವೇರ್ ಬಳಸಬಹುದು. ಇಷ್ಟರಲ್ಲಿ ಅದು ಪಾಸು.

ಎಡವುವ ಜಾಗಗಳೂ ಇವೆ, ಅವನ್ನು ಮೊದಲೇ ತಿಳಿದಿರಿ. ಆರ್‌ಐಎಸ್ (ರೆಫರೆನ್ಸ್ ಸಾಫ್ಟ್‌ವೇರ್‌ಗಳ ನಡುವೆ ಮಾಹಿತಿ ಸಾಗಿಸುವ ಒಂದು ಫೈಲ್ ಮಾದರಿ) ಅಥವಾ ಬಿಬ್‌ಟೆಕ್ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಲೇಖಕ, ಶೀರ್ಷಿಕೆ, ವರ್ಷ ಎಲ್ಲ ಬರುತ್ತವೆ, ನೀವು ಮಾಡಿಕೊಂಡ ಕಲೆಕ್ಷನ್‌ಗಳ (ಜೊಟೆರೊದೊಳಗಿನ ಫೋಲ್ಡರ್‌ಗಳ) ವಿಂಗಡಣೆ ಬರುವುದಿಲ್ಲ. ಅದೂ ಬೇಕಿದ್ದರೆ ಜೊಟೆರೊ ಆರ್‌ಡಿಎಫ್ ಎಂಬ ಮಾದರಿ ಆರಿಸಿ, ಫೈಲ್ ಮತ್ತು ಟಿಪ್ಪಣಿಗಳಿಗೂ ಟಿಕ್ ಹಾಕಿ. ಇನ್ನೊಂದು: 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಜೊಟೆರೊದೊಳಗೇ ಪಿಡಿಎಫ್ ಓದಬಹುದು, ಗೆರೆ ಎಳೆಯಬಹುದು. ಆ ಗೆರೆಗಳು ಡೇಟಾಬೇಸ್‌ನಲ್ಲಿ ಉಳಿಯುತ್ತವೆ, ಪಿಡಿಎಫ್ ಫೈಲಿನೊಳಗೆ ಅಲ್ಲ. ಫೋಲ್ಡರ್‌ನಿಂದ ನೇರವಾಗಿ ಪಿಡಿಎಫ್ ಕಾಪಿ ಮಾಡಿದರೆ ಗೆರೆ, ಟಿಪ್ಪಣಿ ಒಂದೂ ಕಾಣಿಸುವುದಿಲ್ಲ. ಜೊಟೆರೊ ಮೆನುವಿನಿಂದಲೇ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡಿದರೆ ಅವೂ ಸೇರಿ ಬರುತ್ತವೆ.

ಹಾಗಾಗಿ ಇಡೀ ಸಂಗ್ರಹ ಸುರಿಯುವ ಮೊದಲು ಸಣ್ಣ ಪ್ರಯೋಗ ಮಾಡಿ. ಒಂದಿಪ್ಪತ್ತು ರೆಫರೆನ್ಸ್ ಹಾಕಿ. ಅದರಲ್ಲಿ ಪೇಪರ್ ಇರಲಿ, ಸಂಪಾದಿತ ಪುಸ್ತಕದ ಒಂದು ಅಧ್ಯಾಯ ಇರಲಿ, ಒಂದು ಥೀಸಿಸ್, ಒಂದು ಕನ್ನಡ ಪುಸ್ತಕ ಇರಲಿ. ಎಕ್ಸ್‌ಪೋರ್ಟ್ ಮಾಡಿ ಜ್ಯಾಬ್‌ರೆಫ್‌ನಲ್ಲಿ ತೆರೆಯಿರಿ. ಏನು ಉಳಿಯಿತು, ಏನು ಕಳೆಯಿತು ಎಂದು ಕಣ್ಣಾರೆ ನೋಡಿ. ಒಂದು ಸಂಜೆಯ ಕೆಲಸ ಅಷ್ಟೇ. ವಿಶ್ವವಿದ್ಯಾಲಯ ಕೊಟ್ಟ ಸಾಫ್ಟ್‌ವೇರ್‌ನಲ್ಲಿ ಈಗಾಗಲೇ ಏನಾದರೂ ಇಟ್ಟಿದ್ದರೆ ಅದನ್ನೂ ಲೈಸೆನ್ಸ್ ಇರುವಾಗಲೇ ಆರ್‌ಐಎಸ್ ಆಗಿ ಹೊರತೆಗೆದುಕೊಳ್ಳಿ.

ಇನ್ನು ನಿಮ್ಮ ಅಂಕಿ ಹೆಸರಿನ ಪಿಡಿಎಫ್‌ಗಳ ವಿಷಯ. ಅವನ್ನು ಎಳೆದು ಜೊಟೆರೊ ಕಿಟಕಿಯೊಳಗೆ ಬಿಟ್ಟರೆ, ಅದು ಮೊದಲ ಪುಟಗಳ ಪಠ್ಯ ಓದಿ, ಡಿಒಐ (ಪ್ರತಿ ಪೇಪರ್‌ಗೂ ಕೊಡುವ ಗುರುತಿನ ಸಂಖ್ಯೆ) ಅಥವಾ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸಿಕ್ಕರೆ ಹುಡುಕಿ, ಲೇಖಕ, ಶೀರ್ಷಿಕೆ, ಜರ್ನಲ್ ಹೆಸರು ತಾನೇ ತುಂಬುತ್ತದೆ. ಫೈಲಿನ ಹೆಸರೂ ಬದಲಾಗುತ್ತದೆ. ನೋಡಿದರೆ ಖುಷಿಯಾಗುತ್ತದೆ. ಆದರೆ ನನ್ನ ಕಳಕಳಿಯ ಮಾತು ಇಲ್ಲಿದೆ: ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ. ಹತ್ತು, ಇಪ್ಪತ್ತರಂತೆ ಹಾಕಿ, ಹಾಕಿದ್ದನ್ನು ಆಗಲೇ ನೋಡಿ. ಗ್ರಂಥಸೂಚಿಯ ತಪ್ಪುಗಳಲ್ಲಿ ಜಾಸ್ತಿ ಪಾಲು ಹುಟ್ಟುವುದು ಮಾಹಿತಿ ಒಳಗೆ ಬರುವ ಆ ಕ್ಷಣದಲ್ಲಿ. ಕೊನೆಯ ವಾರ ಥೀಸಿಸ್ ಬೈಂಡಿಂಗ್‌ಗೆ ಕೊಡುವಾಗ ಅವನ್ನು ಹುಡುಕುವುದು ನರಕ.

ಏನು ನೋಡಬೇಕು? ಮೊದಲು, ಅದು ಯಾವ ಬಗೆಯ ಆಕರ ಎಂದು ಸರಿಯಾಗಿ ಗುರುತಿಸಿದೆಯೇ ನೋಡಿ. ಸಂಪಾದಿತ ಗ್ರಂಥದ ಒಂದು ಅಧ್ಯಾಯ ಇಡೀ ಪುಸ್ತಕವಾಗಿ ದಾಖಲಾದರೆ ಸಂಪಾದಕರೇ ಲೇಖಕರಾಗಿಬಿಡುತ್ತಾರೆ, ಬರೆದವರ ಹೆಸರು ಮಾಯವಾಗುತ್ತದೆ. ಜರ್ನಲ್ ಪೇಪರ್ ಬರೀ ವೆಬ್ ಪುಟ ಎಂದು ದಾಖಲಾದರೆ ಸಂಪುಟ, ಸಂಚಿಕೆ, ಪುಟಸಂಖ್ಯೆಗೆ ಜಾಗವೇ ಇರುವುದಿಲ್ಲ. ಆಮೇಲೆ ವರ್ಷ. ಕೆಲವು ಪೇಪರ್‌ಗಳು ಮೊದಲು ಆನ್‌ಲೈನ್‌ನಲ್ಲಿ ಬಂದು, ಮುಂದಿನ ವರ್ಷ ಸಂಚಿಕೆಯಲ್ಲಿ ಸೇರುತ್ತವೆ. ಎರಡು ವರ್ಷಗಳಲ್ಲಿ ಯಾವುದನ್ನು ಹಿಡಿಯುತ್ತೀರಿ ಎಂದು ತೀರ್ಮಾನಿಸಿ, ಎಲ್ಲ ಕಡೆ ಅದನ್ನೇ ಪಾಲಿಸಿ.

ಇಂಗ್ಲಿಷ್ ಶೀರ್ಷಿಕೆಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಶೀರ್ಷಿಕೆಯನ್ನು ಸಾಮಾನ್ಯ ವಾಕ್ಯದಂತೆ ಇಡಿ, ಅಂದರೆ ಮೊದಲ ಪದಕ್ಕೂ ಅಂಕಿತನಾಮಗಳಿಗೂ ಮಾತ್ರ ದೊಡ್ಡ ಅಕ್ಷರ. ರೆಫರೆನ್ಸ್ ಬರೆಯಲು ಎಪಿಎ, ಎಂಎಲ್‌ಎ ಎಂಬಂಥ ಸ್ಟೈಲ್‌ಗಳು, ಅಂದರೆ ಪದ್ಧತಿಗಳು ಇವೆ. ಎಪಿಎ ಸ್ಟೈಲ್‌ಗೆ ಹಾಗೆಯೇ ಬೇಕು. ಎಂಎಲ್‌ಎ ಸ್ಟೈಲ್‌ಗೆ ಮುಖ್ಯ ಪದಗಳಿಗೆಲ್ಲ ದೊಡ್ಡ ಅಕ್ಷರ ಬೇಕು, ಅದನ್ನು ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುತ್ತದೆ. ಇದನ್ನು ತಿರುವುಮುರುವು ಮಾಡಿದರೆ ಕೆಲಸ ಕೆಡುತ್ತದೆ, ಏಕೆಂದರೆ ಯಾವುದು ಊರಿನ ಹೆಸರು, ಯಾವುದು ಸಾಮಾನ್ಯ ಪದ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬದಲಿಸುವ ಆಯ್ಕೆ ಸಿಗುತ್ತದೆ.

ಪಿಡಿಎಫ್ ಇಲ್ಲದಿದ್ದರೆ ಡಿಒಐ, ಐಎಸ್‌ಬಿಎನ್, ಪಬ್‌ಮೆಡ್ (ವೈದ್ಯಕೀಯ ಪೇಪರ್‌ಗಳ ಸೂಚಿ) ಅಥವಾ ಆರ್ಕೈವ್ (arXiv ಎಂಬ ಪ್ರಿಪ್ರಿಂಟ್ ತಾಣ) ಸಂಖ್ಯೆ ಕೊಟ್ಟು ಸೇರಿಸುವ ಬಟನ್ ಇದೆ. ನನಗೆ ಇದೇ ಜಾಸ್ತಿ ಇಷ್ಟ, ಮಾಹಿತಿ ಸ್ವಚ್ಛವಾಗಿ ಬರುತ್ತದೆ. ಇನ್ನೊಂದು ಲಾಭವೂ ಇದೆ. ಎಐ ಚಾಟ್‌ಬಾಟ್‌ಗಳು ಇಲ್ಲದ ಪೇಪರ್‌ಗಳನ್ನು ಇದೆಯೆಂಬಂತೆ ಹೇಳುವುದುಂಟು, ಅದಕ್ಕೊಂದು ಡಿಒಐ ಕೂಡ ಕೊಡುತ್ತವೆ. ಆ ಸಂಖ್ಯೆ ಹಾಕಿದಾಗ ಏನೂ ಬಾರದಿದ್ದರೆ, ಅಥವಾ ಬೇರೆ ಯಾವುದೋ ಪೇಪರ್ ಬಂದರೆ, ಅಲ್ಲೇ ನಿಲ್ಲಿಸಿ. ಮೂಲವನ್ನು ನೀವೇ ತೆರೆದು ನೋಡದ ಯಾವ ರೆಫರೆನ್ಸೂ ನಿಮ್ಮ ಸಂಗ್ರಹಕ್ಕೆ ಬರಬಾರದು. ಹಾಗೆಯೇ, ಪ್ರಕಟವಾದ ಮೇಲೆ ಹಿಂತೆಗೆದುಕೊಂಡ ಪೇಪರ್ ನಿಮ್ಮಲ್ಲಿದ್ದರೆ ಜೊಟೆರೊ ಕೆಂಪು ಎಚ್ಚರಿಕೆ ತೋರಿಸುತ್ತದೆ. 2019ರಿಂದ ಈ ಸೌಲಭ್ಯ ಇದೆ, ಮಾಹಿತಿ ಬರುವುದು ಹಿಂತೆಗೆದುಕೊಂಡ ಪೇಪರ್‌ಗಳನ್ನು ಪಟ್ಟಿ ಮಾಡುವ ರಿಟ್ರಾಕ್ಷನ್ ವಾಚ್ ದತ್ತಾಂಶದಿಂದ. 2023ರಲ್ಲಿ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ಆ ದತ್ತಾಂಶವನ್ನು ಕೊಂಡು ಎಲ್ಲರಿಗೂ ತೆರೆದಿಟ್ಟಿತು. ಸಂಶೋಧಕರಿಗೆ ಇದೊಂದು ದೊಡ್ಡ ಉಪಕಾರ.

ಕನ್ನಡ ಪುಸ್ತಕಗಳಿಗೆ ಬರೋಣ. ಇಲ್ಲಿ ಕೈಕೆಲಸ ಜಾಸ್ತಿ. ಹಳೆಯ ಎಷ್ಟೋ ಪುಸ್ತಕಗಳಿಗೆ ಐಎಸ್‌ಬಿಎನ್ ಇಲ್ಲ. ಇದ್ದರೂ ಕೆಲವೊಮ್ಮೆ ಮಾಹಿತಿ ರೋಮನ್ ಲಿಪಿಯಲ್ಲಿ ಬರುತ್ತದೆ. ಆದ್ದರಿಂದ ಪುಸ್ತಕ ಕೈಯಲ್ಲಿ ಹಿಡಿದು, ಮುಖಪುಟ ನೋಡಿ ಅಲ್ಲ, ಒಳಗಿನ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ ನೋಡಿ ನೀವೇ ತುಂಬಿ. ಭಾಷೆಯ ಖಾನೆಯನ್ನು ಖಾಲಿ ಬಿಡಬೇಡಿ. ಶೀರ್ಷಿಕೆ ರೋಮನ್ ಲಿಪಿಯಲ್ಲಿದ್ದು ಭಾಷೆ ಖಾಲಿ ಇದ್ದರೆ, ಅದನ್ನು ಇಂಗ್ಲಿಷ್ ಎಂದುಕೊಂಡು ಎಲ್ಲ ಪದಗಳಿಗೂ ದೊಡ್ಡ ಅಕ್ಷರ ಹಾಕಿಬಿಡಬಹುದು.

ಲೇಖಕರ ಹೆಸರಿನದು ಹಳೆಯ ತೊಡಕು. ಈ ಸಾಫ್ಟ್‌ವೇರ್‌ಗಳೆಲ್ಲ ಮೊದಲ ಹೆಸರು, ಕುಟುಂಬದ ಹೆಸರು ಎಂದು ಎರಡು ಖಾನೆ ಕೊಡುತ್ತವೆ. ಇನಿಶಿಯಲ್ ಮುಂದೆ ಬಂದು ಕೊನೆಗೆ ಒಂದೇ ಹೆಸರು ಇರುವವರು, ಕಾವ್ಯನಾಮದಲ್ಲಿ ಬರೆಯುವವರು ಈ ಅಚ್ಚಿಗೆ ಕೂರುವುದಿಲ್ಲ. ಜೊಟೆರೊದಲ್ಲಿ ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಖಾನೆ ಒಂದಾಗುತ್ತದೆ. ಅಲ್ಲಿ ಬರೆದದ್ದು ಬರೆದಂತೆಯೇ ಅಚ್ಚಾಗುತ್ತದೆ. ಸಂಸ್ಥೆಗಳ ಹೆಸರಿಗೂ ಕಾವ್ಯನಾಮಕ್ಕೂ ಇದೇ ಸರಿ. ಆದರೆ ಇನಿಶಿಯಲ್ ಇರುವ ಹೆಸರಿಗೆ ಇದನ್ನು ಬಳಸಿದರೆ, ಬರವಣಿಗೆಯ ನಡುವೆ ಕಂಸದಲ್ಲಿ ಬರುವ ಸೈಟೇಶನ್‌ನಲ್ಲೂ ಇನಿಶಿಯಲ್ ಸಮೇತ ಪೂರ್ತಿ ಹೆಸರು ಬರುತ್ತದೆ. ಬೇಡವೆನ್ನಿಸಿದರೆ ಮುಖ್ಯ ಹೆಸರನ್ನು ಕುಟುಂಬದ ಖಾನೆಯಲ್ಲಿ, ಇನಿಶಿಯಲ್ ಅನ್ನು ಇನ್ನೊಂದರಲ್ಲಿ ಇಟ್ಟು, ಪಟ್ಟಿಯಲ್ಲಿ ಹೇಗೆ ಬರುತ್ತದೆ ಎಂದು ಒಮ್ಮೆ ನೋಡಿ.

ಕನ್ನಡ ಲಿಪಿಯಲ್ಲಿ ಕೊಡಬೇಕೋ ರೋಮನ್ ಲಿಪಿಯಲ್ಲೋ ಎಂದು ನಿಮ್ಮ ಗೈಡ್ ಹತ್ತಿರ ಈಗಲೇ ಕೇಳಿಕೊಳ್ಳಿ. ಒಬ್ಬರೇ ಲೇಖಕರು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ರೋಮನ್‌ನಲ್ಲಿ ಇದ್ದರೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಅವರು ಇಬ್ಬರು. ಪಟ್ಟಿಯಲ್ಲಿ ಒಂದು ಮೇಲಿರುತ್ತದೆ, ಇನ್ನೊಂದು ಎಲ್ಲೋ ಕೆಳಗೆ. ಮರುಮುದ್ರಣಗಳಿಗೆ ಇನ್ನೊಂದು ಸೌಲಭ್ಯ ಇದೆ. ಮೊದಲು ಪ್ರಕಟವಾದ ವರ್ಷವನ್ನು 'ಎಕ್ಸ್‌ಟ್ರಾ' ಖಾನೆಯಲ್ಲಿ 'ಒರಿಜಿನಲ್-ಡೇಟ್' ಎಂದು ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ ವರ್ಷ ಕೊಟ್ಟರೆ, ಎಪಿಎಯಂಥ ಸ್ಟೈಲ್‌ಗಳು ಎರಡೂ ವರ್ಷ ತೋರಿಸುತ್ತವೆ. 1930ರ ದಶಕದ ಪುಸ್ತಕ ಮೊನ್ನೆ ಬರೆದದ್ದರಂತೆ ಕಾಣುವುದು ತಪ್ಪುತ್ತದೆ.

ಸ್ಟೈಲ್ ಬದಲಿಸುವುದು ಮಾತ್ರ ಇಷ್ಟು ಕಷ್ಟವಿಲ್ಲ. ಜೊಟೆರೊ ಬಳಸುವುದು ಸಿಎಸ್‌ಎಲ್ ಎಂಬ ಮುಕ್ತ ಭಾಷೆಯಲ್ಲಿ ಬರೆದ ಸ್ಟೈಲ್ ಫೈಲ್‌ಗಳನ್ನು. ಅಂಥ 10,000ಕ್ಕೂ ಹೆಚ್ಚು ಸ್ಟೈಲ್‌ಗಳು ಉಚಿತವಾಗಿ ಸಿಗುತ್ತವೆ. ಮೆಂಡಲೆ ಮತ್ತು ಪ್ಯಾಂಡಾಕ್ (ಒಂದು ಬಗೆಯ ಡಾಕ್ಯುಮೆಂಟನ್ನು ಇನ್ನೊಂದಕ್ಕೆ ಬದಲಿಸುವ ಸಾಧನ) ಕೂಡ ಇದೇ ಸ್ಟೈಲ್‌ಗಳನ್ನು ಬಳಸುತ್ತವೆ. ಒಂದು ಜರ್ನಲ್ ಒಲ್ಲೆ ಅಂದಾಗ ಇನ್ನೊಂದರ ಸ್ಟೈಲ್ ಆರಿಸಿದರೆ ಸೈಟೇಶನ್‌ಗಳೂ ಪಟ್ಟಿಯೂ ಒಟ್ಟಿಗೆ ಬದಲಾಗುತ್ತವೆ.

ವರ್ಡ್‌ನಲ್ಲಿ ಬರೆಯುವಾಗ ಒಂದು ಶಿಸ್ತು ಬೇಕು. ಜೊಟೆರೊ ಹಾಕಿದ ಸೈಟೇಶನ್ ನೋಡಲು ಮಾಮೂಲಿ ಅಕ್ಷರದಂತೆ ಕಂಡರೂ ಅದು ಫೀಲ್ಡ್, ಅಂದರೆ ಸಾಫ್ಟ್‌ವೇರ್ ತಾನೇ ತುಂಬುವ ಜಾಗ. ಅದರೊಳಗೆ ಕೈಯಿಂದ ತಿದ್ದಿದರೆ ಮುಂದೆ ಯಾವಾಗಲೋ ಹೊಸದಾಗಿ ಲೆಕ್ಕ ಹಾಕುವಾಗ ಆ ತಿದ್ದುಪಡಿ ಅಳಿದುಹೋಗಬಹುದು. ಪುಟಸಂಖ್ಯೆಯನ್ನೋ 'ನೋಡಿ' ಎಂಬಂಥ ಪದವನ್ನೋ ಸೇರಿಸಬೇಕಿದ್ದರೆ ಸೈಟೇಶನ್ ಮೇಲೆ ಕ್ಲಿಕ್ ಮಾಡಿ ಬರುವ ಪೆಟ್ಟಿಗೆಯಲ್ಲೇ ಸೇರಿಸಿ. ಪಟ್ಟಿಯಲ್ಲಿ ತಪ್ಪು ಕಂಡರೆ ಪಟ್ಟಿಯನ್ನು ತಿದ್ದಬೇಡಿ, ಜೊಟೆರೊದಲ್ಲಿ ತಿದ್ದಿ. ವರ್ಡ್‌ನಿಂದ ಲಿಬ್ರೆಆಫೀಸ್‌ಗೋ ಗೂಗಲ್ ಡಾಕ್ಸ್‌ಗೋ ಹೋಗುವುದಿದ್ದರೆ ಸುಮ್ನೆ ಫೈಲ್ ತೆರೆದು ಸೇವ್ ಮಾಡಬೇಡಿ, ಸೈಟೇಶನ್‌ಗಳು ಸತ್ತ ಅಕ್ಷರಗಳಾಗಿಬಿಡಬಹುದು. ಜೊಟೆರೊದ ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲಿ ಬೇರೆ ವರ್ಡ್ ಪ್ರೊಸೆಸರ್‌ಗೆ ಬದಲಿಸುವ ಆಯ್ಕೆ ಇದೆ, ಅದರ ಮೂಲಕ ಹೋಗಿ. ಜರ್ನಲ್‌ಗೆ ಕಳಿಸುವ ಮೊದಲು ಫೈಲಿನ ಒಂದು ಕಾಪಿ ಮಾಡಿ, ಆ ಕಾಪಿಯಲ್ಲಿ ಮಾತ್ರ ಸೈಟೇಶನ್‌ಗಳನ್ನು ಅನ್‌ಲಿಂಕ್ ಮಾಡಿ, ಅಂದರೆ ಮಾಮೂಲಿ ಅಕ್ಷರಗಳಾಗಿಸಿ. ಮೂಲ ಫೈಲ್ ಜೀವಂತವಾಗಿರಲಿ.

ಲೇಟೆಕ್ ಬಳಸುವ ನಿಮ್ಮ ಸಂಗಾತಿಯ ಜೊತೆ ಜೊಟೆರೊದಲ್ಲಿ ಒಂದು ಗ್ರೂಪ್ ಲೈಬ್ರರಿ (ಇಬ್ಬರೂ ಹಂಚಿಕೊಳ್ಳುವ ಸಂಗ್ರಹ) ಮಾಡಿಕೊಳ್ಳಿ. ಜೊಟೆರೊಗೆ 'ಬೆಟರ್ ಬಿಬ್‌ಟೆಕ್' ಎಂಬ ಪ್ಲಗಿನ್ ಇದೆ. ಅದು ಪ್ರತಿಯೊಂದು ಆಕರಕ್ಕೂ ಒಂದು ಸ್ಥಿರವಾದ ಕೀ (ಲೇಟೆಕ್‌ನಲ್ಲಿ ಆ ಆಕರವನ್ನು ಕರೆಯುವ ಗುರುತು) ಕೊಡುತ್ತದೆ, ನೀವು ಏನೇ ಸೇರಿಸಿದರೂ ತಿದ್ದಿದರೂ ಅವರ ಬಿಬ್ ಫೈಲನ್ನು ತಾನೇ ಹೊಸದು ಮಾಡುತ್ತದೆ. ಆ ಫೈಲನ್ನು ಅವರು ಕೈಯಿಂದ ತಿದ್ದುವುದು ಬೇಡ, ತಿದ್ದಿದ್ದು ಮುಂದಿನ ಸಲ ಅಳಿಸಿಹೋಗುತ್ತದೆ. ಒಂದು ಸಂಗ್ರಹಕ್ಕೆ ಒಂದೇ ಮೂಲ ಇರಬೇಕು, ಅಲ್ವಾ? ಕನ್ನಡ ಆಕರಗಳಿದ್ದರೆ ಅವರಿಗೆ ಇದನ್ನೂ ಹೇಳಿ: ಮೂಲ ಬಿಬ್‌ಟೆಕ್ 1985ರ ಕಾಲದ್ದು, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್ ಹುಟ್ಟುವುದಕ್ಕೂ ಮುಂಚಿನದು. ಹೆಸರನ್ನು ಮೊದಲಕ್ಷರಕ್ಕೆ ಇಳಿಸುವ ಸ್ಟೈಲ್ ಬಳಸಿದರೆ ಕನ್ನಡ ಅಕ್ಷರ ಅರ್ಧಕ್ಕೆ ಒಡೆಯುತ್ತದೆ. ಅದರ ಬದಲು ಬಿಬ್‌ಲೇಟೆಕ್ ಮತ್ತು ಬೈಬರ್ ಎಂಬ ಹೊಸ ಸಾಧನಗಳನ್ನು ಬಳಸಿದರೆ ಯುನಿಕೋಡ್ ಸರಿಯಾಗಿ ನಡೆಯುತ್ತದೆ. ಪಠ್ಯಕ್ಕೆ ಲೇಟೆಕ್‌ನ ಯುನಿಕೋಡ್ ಬಲ್ಲ ರೂಪಗಳಾದ ಝೀಲೇಟೆಕ್ ಅಥವಾ ಲುವಾಲೇಟೆಕ್ ಇರಲಿ.

ಜ್ಯಾಬ್‌ರೆಫ್ ಬಗ್ಗೆ ಎರಡು ಮಾತು ಹೇಳದಿದ್ದರೆ ಅದಕ್ಕೆ ಅನ್ಯಾಯ. 2003ರಿಂದ ಇರುವ ಯೋಜನೆ, ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸ್. ಅದಕ್ಕೆ ಬೇರೆ ಡೇಟಾಬೇಸೇ ಇಲ್ಲ, ಬಿಬ್ ಫೈಲೇ ಅದರ ಸಂಗ್ರಹ. ಸಾಧಾರಣ ಟೆಕ್ಸ್ಟ್ ಎಡಿಟರ್‌ನಲ್ಲೂ ತೆರೆದು ಓದಬಹುದು. ಹೊರಗೆ ಬರುವ ದಾರಿ ಇದಕ್ಕಿಂತ ಅಗಲವಾಗಿ ಇರಲಾರದು.

ಸಿಂಕ್ (ಹಲವು ಕಂಪ್ಯೂಟರ್‌ಗಳಲ್ಲಿ ಸಂಗ್ರಹವನ್ನು ಒಂದೇ ಸಮ ಇಡುವುದು) ಮತ್ತು ಬ್ಯಾಕಪ್ ಒಂದೇ ಅಲ್ಲ. ಒಂದು ಕಂಪ್ಯೂಟರ್‌ನಲ್ಲಿ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರೆ ಸಿಂಕ್ ಆ ಅಳಿಸುವಿಕೆಯನ್ನೇ ಇನ್ನೊಂದಕ್ಕೂ ಒಯ್ಯುತ್ತದೆ. ಜೊಟೆರೊ ಮುಚ್ಚಿ, ಅದರ ಡೇಟಾ ಫೋಲ್ಡರ್ ಪೂರ್ತಿ ಆಗಾಗ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಆ ಫೋಲ್ಡರನ್ನು ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್‌ನಂಥ ಕ್ಲೌಡ್ ಫೋಲ್ಡರ್‌ನಲ್ಲಿ ಇಡಲೇಬೇಡಿ, ಡೇಟಾಬೇಸ್ ಕೆಡುವ ಅಪಾಯ ಇದೆ. ರೆಫರೆನ್ಸ್ ಮಾಹಿತಿ ಸಿಂಕ್ ಮಾಡಲು ಜೊಟೆರೊದಲ್ಲಿ ಮಿತಿ ಇಲ್ಲ. ಪಿಡಿಎಫ್‌ಗಳಿಗೆ ಉಚಿತವಾಗಿ ಸಿಗುವುದು 300 ಎಂಬಿ, ಅದು ಬೇಗ ತುಂಬುತ್ತದೆ. ಆಗ ಹಣ ಕೊಟ್ಟು ಜಾಗ ಪಡೆಯಬಹುದು. ಇಲ್ಲವೇ ವೆಬ್‌ಡಾವ್ (ಇಂಟರ್ನೆಟ್ ಮೂಲಕ ಫೈಲ್ ಇಡುವ, ತೆಗೆಯುವ ಒಂದು ವಿಧಾನ) ಸೌಲಭ್ಯವಿರುವ ಬೇರೆ ಸರ್ವರ್ ಜೋಡಿಸಬಹುದು. ವೆಬ್‌ಡಾವ್ ನಿಮ್ಮ ಸ್ವಂತ ಲೈಬ್ರರಿಗೆ ಮಾತ್ರ, ಗ್ರೂಪ್‌ಗೆ ನಡೆಯುವುದಿಲ್ಲ.

ಕೊನೆಗೆ, ಈಗಾಗಲೇ ಬರೆದ ಆ ಎರಡು ಅಧ್ಯಾಯ. ಅವನ್ನು ಈಗಲೇ ಮುಟ್ಟಬೇಡಿ. ಈಗ ಬರೆಯುತ್ತಿರುವ ಅಧ್ಯಾಯದಿಂದ ಜೊಟೆರೊ ಶುರು ಮಾಡಿ, ಕೈ ಕುದುರಲಿ. ಆಮೇಲೆ ಹಳೆಯ ಪಟ್ಟಿಗಳನ್ನು ಎನಿಸ್ಟೈಲ್ ಎಂಬ ಓಪನ್ ಸೋರ್ಸ್ ಸಾಧನಕ್ಕೆ ಹಾಕಿ ನೋಡಿ. ಅದು ಟೈಪ್ ಮಾಡಿದ ರೆಫರೆನ್ಸ್ ಸಾಲನ್ನು ಲೇಖಕ, ವರ್ಷ, ಶೀರ್ಷಿಕೆ ಎಂದು ಒಡೆದು ಬಿಬ್‌ಟೆಕ್ ಆಗಿ ಕೊಡುತ್ತದೆ. ಒಡೆಯುವಾಗ ತಪ್ಪುತ್ತದೆ ಕೂಡ, ಪ್ರತಿ ಸಾಲನ್ನೂ ಮೂಲಕ್ಕೆ ಹೋಲಿಸಿ ನೋಡಬೇಕು. ಡಿಒಐ ಇರುವ ಆಕರಗಳಿಗೆ ಇದರ ಗೋಜೇ ಬೇಡ, ಸಂಖ್ಯೆ ಹಾಕಿ ಹೊಸದಾಗಿ ತರಿಸಿಕೊಳ್ಳಿ. ಕನ್ನಡ ಸಾಲುಗಳನ್ನು ನೀವೇ ತುಂಬಿ. ಎಲ್ಲ ಒಳಗೆ ಬಂದ ಮೇಲೆ ಒಂದೇ ಆಕರ ಎರಡು ಸಲ ಸೇರಿದೆಯೇ ಎಂದು 'ಡುಪ್ಲಿಕೇಟ್ ಐಟಮ್ಸ್' ವಿಭಾಗದಲ್ಲಿ ನೋಡಿ, ಒಂದನ್ನು ಅಳಿಸುವ ಬದಲು ಮರ್ಜ್ ಮಾಡಿ. ಮರ್ಜ್ ಮಾಡಿದರೆ ಎರಡರ ಟಿಪ್ಪಣಿಗಳೂ ಉಳಿಯುತ್ತವೆ, ವರ್ಡ್‌ನಲ್ಲಿ ಆಗಲೇ ಹಾಕಿದ ಸೈಟೇಶನ್‌ಗಳ ಕೊಂಡಿಯೂ ತಪ್ಪುವುದಿಲ್ಲ. ಅದಾದ ನಂತರ ಹಳೆಯ ಅಧ್ಯಾಯ ತೆರೆದು, ಕೈಯಿಂದ ಬರೆದ ಸೈಟೇಶನ್‌ಗಳನ್ನು ಒಂದೊಂದಾಗಿ ತೆಗೆದು ಜೊಟೆರೊದಿಂದ ಹಾಕುತ್ತಾ ಹೋಗಿ.